ಡ್ಯಾಶ್‌ಬೋರ್ಡ್ ಬಿಚ್ಚದ ಶನಿವಾರ

ಕಾರಿನೊಳಗೆ ಬೆಲ್ಲದ ಪಾಕದಂಥ ವಾಸನೆ ಬರುತ್ತಿದೆ ಎಂದು ಮೊದಲು ಹೇಳಿದವಳು ನನ್ನ ಹೆಂಡತಿ. ಮಕ್ಕಳು ಹಿಂದಿನ ಸೀಟಿನಲ್ಲಿ ಏನನ್ನೋ ಚೆಲ್ಲಿರಬೇಕೆಂದು ನಾನು ಎರಡು ವಾರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಮುಂದಿನ ಗಾಜಿನ ಒಳಮೈಗೆ ಎಣ್ಣೆ ಸವರಿದಂತಹ ಪೊರೆ ಕಟ್ಟತೊಡಗಿತು. ಬಟ್ಟೆಯಿಂದ ಒರೆಸಿದರೆ ಹೋಗುವ ಬದಲು ಇನ್ನಷ್ಟು ಹರಡುತ್ತಿತ್ತು, ಎದುರಿನಿಂದ ಬರುವ ದೀಪಗಳೆಲ್ಲ ಒಂದೊಂದು ಹತ್ತಿಯುಂಡೆಯಾಗಿ ಕಾಣುತ್ತಿದ್ದವು. ಕೊನೆಗೆ ಒಂದು ದಿನ ಬೂಟು ಕಳಚಿ ಕುಳಿತಿದ್ದ ಅವಳ ಕಾಲುಚೀಲ ಒದ್ದೆಯಾಯಿತು. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದಾಗ ಬೆರಳಿಗೆ ಅಂಟಿದ ಜಿಡ್ಡು ನೀರು ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ಹೀಟರ್ ಕೋರ್ ತೂತಾಗಿತ್ತು.

ನಾವಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ನಗರದ ಹೊರವಲಯದಲ್ಲಿ. ಕಾರು 2002ರ ಮಾದರಿಯ ಎಸ್‌ಯುವಿ. ಹೆಸರು ಬೇಡ, ಇಪ್ಪತ್ತು ವರ್ಷ ದುಡಿದ ಗಾಡಿಯನ್ನು ದೂರುವ ಉದ್ದೇಶ ನನಗಿಲ್ಲ. ಹೀಟರ್ ಕೋರ್ ಎಂಬುದು ಡ್ಯಾಶ್‌ಬೋರ್ಡಿನ ಹಿಂದೆ, ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಅಡಗಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನಿಂದ ಬಿಸಿ ಕೂಲೆಂಟ್ ಒಂದು ಕೊಳವೆಯಲ್ಲಿ ಅದರೊಳಗೆ ಬಂದು ಇನ್ನೊಂದರಲ್ಲಿ ಹಿಂದಿರುಗುತ್ತದೆ. ಫ್ಯಾನ್ ಅದರ ಮೂಲಕ ಗಾಳಿ ಊದಿದಾಗ ನಮಗೆ ಬೆಚ್ಚನೆಯ ಗಾಳಿ ಸಿಗುತ್ತದೆ. ಕೂಲೆಂಟಿನಲ್ಲಿರುವ ತುಕ್ಕುನಿರೋಧಕ ಅಂಶಗಳು ಕಾಲಕ್ರಮೇಣ ಸವೆಯುತ್ತವೆ. ಕೂಲೆಂಟನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಅದು ತೆಳು ಅಲ್ಯೂಮಿನಿಯಂ ನಾಳಗಳನ್ನು ಒಳಗಿನಿಂದಲೇ ತಿನ್ನತೊಡಗುತ್ತದೆ. ನಾನು ಎಷ್ಟು ವರ್ಷ ಬದಲಾಯಿಸಿರಲಿಲ್ಲ ಎಂಬುದನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ.

ಹಾಸನದಲ್ಲಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ನಕ್ಕುಬಿಟ್ಟರು. "ನಮ್ಮ ಮಾರುತಿ 800ದು ಹಿಂಗೇ ಸೋರ್ತಿತ್ತಲ್ಲೋ. ಮೆಕ್ಯಾನಿಕ್ಕು ಎರಡು ಪೈಪನ್ನೂ ಕೂಡಿಸಿ ಕ್ಲ್ಯಾಂಪ್ ಹಾಕಿದ, ಮುಗೀತು. ಯಾರಿಗೆ ಬೇಕು ಹೀಟರು?" ಎಂದರು. ಅವರ ಊರಿಗೆ ಅದು ಸರಿಯಾದ ಮಾತೇ. ನಾನೂ ತಾತ್ಕಾಲಿಕವಾಗಿ ಅದನ್ನೇ ಮಾಡಿದೆ. ಬಾನೆಟ್ ತೆರೆದು, ಕೋರಿಗೆ ಹೋಗುವ ಹೋಸ್ (ರಬ್ಬರ್ ಕೊಳವೆ) ಮತ್ತು ಅಲ್ಲಿಂದ ಬರುವ ಹೋಸ್ ಎರಡನ್ನೂ ಕಳಚಿ ಒಂದಕ್ಕೊಂದು ಜೋಡಿಸಿದೆ. ಸೋರುವುದು ನಿಂತಿತು. ಆದರೆ ಮಂಜನ್ನು ಕರಗಿಸಲು ಮುಂದಿನ ಗಾಜಿಗೆ ಬಡಿಯುವ ಬಿಸಿಗಾಳಿಯೂ ಅದೇ ಕೋರಿನಿಂದ ಬರಬೇಕು. ಹೊರಗೆ ಮೈನಸ್ 12 ಡಿಗ್ರಿ ಇದ್ದ ಒಂದು ಬೆಳಿಗ್ಗೆ ನನ್ನ ಉಸಿರೇ ಗಾಜಿನ ಒಳಮೈಯಲ್ಲಿ ಹೆಪ್ಪುಗಟ್ಟಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಅದನ್ನು ಕೆರೆಯುತ್ತಾ ಕಚೇರಿ ತಲುಪಿದ ಮೇಲೆ, ಈ ದೇಶದಲ್ಲಿ ಹೀಟರ್ ಒಂದು ಸುಖದ ಸಾಧನವಲ್ಲ ಎಂಬುದು ಮನದಟ್ಟಾಯಿತು.

ಹತ್ತಿರದ ಗ್ಯಾರೇಜಿನವರು ಹೇಳಿದ ಮೊತ್ತ 1,150 ಡಾಲರ್. ಕೋರಿನ ಬೆಲೆ ಅದರಲ್ಲಿ ಐವತ್ತು ಡಾಲರೂ ಇರಲಿಲ್ಲ, ಉಳಿದದ್ದೆಲ್ಲ ಕೂಲಿ. ಅವರನ್ನು ತಪ್ಪೆನ್ನುವಂತಿಲ್ಲ. ರಿಪೇರಿ ಪುಸ್ತಕದ ಕ್ರಮದಲ್ಲಿ ಹೋದರೆ ಸ್ಟೀರಿಂಗ್ ಕಂಬವನ್ನು ಇಳಿಸಬೇಕು, ಏರ್‌ಬ್ಯಾಗ್ ಸಮೇತ ಡ್ಯಾಶ್‌ಬೋರ್ಡನ್ನು ಹೊರತೆಗೆಯಬೇಕು, ಅದರ ಹಿಂದಿನ ಪೆಟ್ಟಿಗೆಯನ್ನು ಇಡಿಯಾಗಿ ಎಳೆಯಬೇಕು. ಎ.ಸಿ.ಯ ಶೀತಲ ಸುರುಳಿಯೂ ಅದೇ ಪೆಟ್ಟಿಗೆಯಲ್ಲಿರುವುದರಿಂದ ಅದರ ಅನಿಲವನ್ನು ಮೊದಲು ಯಂತ್ರದಿಂದ ಹೀರಿ ತೆಗೆಯಬೇಕು. ಅದನ್ನು ಗಾಳಿಗೆ ಬಿಡುವುದು ಇಲ್ಲಿ ಕಾನೂನುಬಾಹಿರ. ಇದೆಲ್ಲ ಒಂದು ಅಂಗೈಯಗಲದ ರೇಡಿಯೇಟರಿಗಾಗಿ.

ಅಡ್ಡದಾರಿಯನ್ನು ತೋರಿಸಿದವನು ಶಿವಮೊಗ್ಗ ಕಡೆಯ ಗೆಳೆಯ. ಮನೆಯ ಗ್ಯಾರೇಜಿಗೆ ಹೀಟರ್ ಹಾಕಿಸಿಕೊಂಡಿರುವ ಪುಣ್ಯವಂತ. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ನೋಡಿದವನೇ, "ಕೋರು ಬರದೇ ಇರೋದಕ್ಕೆ ಕಾರಣ ಕೋರಲ್ಲ ಮಾರಾಯ, ಅದರ ಬಾಲ" ಎಂದ. ಅವನು ಹೇಳಿದ್ದು ನಿಜ. ಕೋರಿನ ಎರಡು ಅಲ್ಯೂಮಿನಿಯಂ ಕೊಳವೆಗಳು ಅದಕ್ಕೇ ಬೆಸೆದುಕೊಂಡಿದ್ದು, ಎರಡು ಕಡೆ ಬಾಗಿ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯನ್ನು ದಾಟಿ ಹೋಗುತ್ತವೆ. ಆ ಬಾಲ ಇರುವವರೆಗೆ ಪೆಟ್ಟಿಗೆ ಅಲುಗಾಡದೆ ಕೋರ್ ಈಚೆಗೆ ಬರದು. ಕೊಳವೆಗಳು ನೇರವಾಗಿರುವ ಕಡೆ ಅವನ್ನು ಕತ್ತರಿಸಿಬಿಟ್ಟರೆ ಕೋರ್ ಪಕ್ಕಕ್ಕೆ ಜಾರಿ ಬರುತ್ತದೆ. ಹೊಸ ಕೋರಿನ ಬಾಲವನ್ನೂ ಅದೇ ಅಳತೆಗೆ ಕತ್ತರಿಸಿ, ನಡುವೆ ಎರಡು ತುಂಡು ಹೀಟರ್ ಹೋಸ್ ಹಾಕಿ ಕ್ಲ್ಯಾಂಪ್ ಬಿಗಿದರೆ ಆಯಿತು. ಪ್ಲಾಸ್ಟಿಕ್ ಪೆಟ್ಟಿಗೆಯನ್ನೇ ಕೊಯ್ದು ಕಿಟಕಿ ಮಾಡುವ ಇನ್ನೊಂದು ವಿಧಾನವೂ ಉಂಟು. ನನಗೆ ಅದು ಹಿಡಿಸಲಿಲ್ಲ. ಕೊಯ್ಯುವಾಗ ಬಿದ್ದ ಪ್ಲಾಸ್ಟಿಕ್ ಚೂರುಗಳು ಒಳಗಿನ ಗಾಳಿಬಾಗಿಲುಗಳಿಗೆ ಸಿಕ್ಕಿಕೊಂಡರೆ ಮತ್ತೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾದೀತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆರಂಭಿಸಿದೆವು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಏರ್‌ಬ್ಯಾಗಿನ ವಿದ್ಯುತ್ ಇಳಿಯಲೆಂದು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಕಾದೆವು. ಕೋರಿನಲ್ಲಿ ಉಳಿದಿದ್ದ ಕೂಲೆಂಟನ್ನು ಬಾನೆಟ್ ಕಡೆಯಿಂದ ಮೆಲ್ಲಗೆ ಗಾಳಿ ಊದಿ ಬಕೆಟಿಗೆ ಇಳಿಸಿದೆವು. ಇದನ್ನು ಮರೆತು ಕತ್ತರಿಸಿದ್ದರೆ ಅಷ್ಟೂ ಕಾರ್ಪೆಟಿನ ಪಾಲಾಗುತ್ತಿತ್ತು. ಗೆಳೆಯನ ಮನೆಯ ನಾಯಿ ಬಕೆಟಿನ ಬಳಿ ಸುಳಿದಾಗ ಅದನ್ನು ಒಳಗೆ ಕಟ್ಟಿಹಾಕಿದೆವು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ.

ಆಮೇಲಿನ ಎರಡು ಗಂಟೆ ನಾನು ಪಕ್ಕದ ಸೀಟಿನ ಕಾಲಿಡುವ ಜಾಗದಲ್ಲಿ, ಬೆನ್ನು ಕೆಳಗೆ, ಕಾಲು ಸೀಟಿನ ಮೇಲೆ, ಮುಖಕ್ಕೆ ಗೇಣು ದೂರದಲ್ಲಿ ತಂತಿಗಳ ಗೊಂಚಲು ಎಂಬ ಸ್ಥಿತಿಯಲ್ಲಿ ಕಳೆದೆ. ಗ್ಲೋವ್ ಬಾಕ್ಸ್ ಮತ್ತು ಕೆಳಗಿನ ಮುಚ್ಚಳ ಬಂದ ಮೇಲೆ ಕೊಳವೆಗಳು ಕಂಡವು. ಪುಟ್ಟ ಚಕ್ರವಿರುವ ಟ್ಯೂಬ್ ಕಟ್ಟರನ್ನು ಕೊಳವೆಯ ಸುತ್ತ ಪೂರ್ತಿ ತಿರುಗಿಸಲು ಜಾಗವಿರಲಿಲ್ಲ. ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ, ಮತ್ತೆ ಸ್ಕ್ರೂ ಒಂದಿಷ್ಟು ಬಿಗಿ, ಹೀಗೆ ಕೊಯ್ಯಬೇಕಾಯಿತು. ಗರಗಸ ಬಳಸಿದ್ದರೆ ಬೇಗ ಆಗುತ್ತಿತ್ತು, ಆದರೆ ಲೋಹದ ಪುಡಿ ಕೂಲೆಂಟಿನ ದಾರಿಗೆ ಸೇರುತ್ತಿತ್ತು. ಹಳೆಯ ಕೋರ್ ಹೊರಬಂದಾಗ ಅದರ ಒಂದು ಮೂಲೆಯಲ್ಲಿ ಬಿಳಿಯ ಹರಳುಗಟ್ಟಿದ ಕಲೆ. ಇಷ್ಟು ದಿನ ಸೋರಿದ್ದು ಅಲ್ಲಿಂದಲೇ.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಜೋಡಿಸಿ, ಕೈಪಿಡಿ ಹೇಳಿದ ಬಗೆಯ ಹೊಸ ಕೂಲೆಂಟನ್ನು ಸಮಪಾಲು ಶುದ್ಧ ನೀರಿನೊಂದಿಗೆ ಬೆರೆಸಿ ತುಂಬಿಸಿ, ಎಂಜಿನ್ ಚಾಲೂ ಮಾಡಿದೆವು. ಬಿಸಿಗಾಳಿ ಬಂತು. ಗೆಳೆಯ ಅನ್ನ ಸಾರು ಬಿಸಿಗಿಡಲು ಒಳಗೆ ಹೋದ. ಜೋಡಣೆಗಳ ಕೆಳಗೆ ನಾನು ಬಿಳಿ ಟಿಶ್ಯೂ ಕಾಗದ ಹಾಸಿದ್ದೆ. ಇಪ್ಪತ್ತು ನಿಮಿಷದ ಮೇಲೆ ಅದರ ಮೇಲೆ ಒಂದು ಬಣ್ಣದ ಚುಕ್ಕೆ ಮೂಡಿತು, ನೋಡುತ್ತಿದ್ದಂತೆಯೇ ಎರಡನೆಯದು. ಕ್ಲ್ಯಾಂಪ್ ಬಿಗಿಯಾಗಿಯೇ ಇತ್ತು, ಆದರೆ ಹೋಸ್ ಕೊಳವೆಯ ಮೇಲೆ ಮೂರು ನಾಲ್ಕು ಮಿಲಿಮೀಟರ್ ಹಿಂದಕ್ಕೆ ಸರಿದಿತ್ತು.

ಈ ಅಡ್ಡದಾರಿಯಲ್ಲಿ ಎಡವುವ ಜಾಗ ಇದೇ. ಕಾರ್ಖಾನೆಯಿಂದ ಬರುವ ಕೊಳವೆಯ ತುದಿಯಲ್ಲಿ ಹೋಸನ್ನು ತಡೆಯಲು ಉಬ್ಬಿದ ಒಂದು ಉಂಗುರವಿರುತ್ತದೆ. ನಾವು ಕತ್ತರಿಸಿದ ತುದಿ ನುಣುಪು. ಎಂಜಿನ್ ಕಾದು ಒತ್ತಡ ಏರಿದಾಗ ರಬ್ಬರ್ ಆ ನುಣುಪಿನ ಮೇಲೆ ನಿಧಾನವಾಗಿ ಜಾರುತ್ತದೆ, ಕ್ಲ್ಯಾಂಪನ್ನು ಇನ್ನಷ್ಟು ಬಿಗಿದರೆ ತೆಳು ಅಲ್ಯೂಮಿನಿಯಂ ಚಪ್ಪಟೆಯಾಗುತ್ತದೆ.

ಊಟ ಮುಗಿಸಿ, ಎಂಜಿನ್ ಆರಲು ಬಿಟ್ಟು, ಗೆಳೆಯ ಒಂದು ಹಳೆಯ ಲಾಕಿಂಗ್ ಪ್ಲೈಯರ್ (ಕಚ್ಚಿದ ಹಿಡಿತ ಬಿಡದ ಇಕ್ಕಳ) ಹುಡುಕಿ ತಂದ. ಅದರ ಒಂದು ದವಡೆಗೆ ದಪ್ಪ ತಂತಿಯ ಗೋಧಿಕಾಳಿನಷ್ಟು ತುಂಡನ್ನು ಬೆಸೆದು, ಇನ್ನೊಂದು ದವಡೆಯಲ್ಲಿ ಅದಕ್ಕೆ ಹೊಂದುವ ಗುಳಿಯನ್ನು ಅರದಿಂದ ಮಾಡಿದ. ತಂತಿಯ ದವಡೆಯನ್ನು ಕೊಳವೆಯ ಒಳಗಿಟ್ಟು ಒತ್ತಿದರೆ ಹೊರಮೈಯಲ್ಲಿ ಒಂದು ಸಣ್ಣ ಉಬ್ಬು ಏಳುತ್ತದೆ. ಸುತ್ತಲೂ ಹಾಗೆ ಏಳೆಂಟು ಉಬ್ಬು. ಹೊಸ ಕೋರನ್ನು ಮತ್ತೆ ಹೊರತೆಗೆದು, ಅದರ ಕೊಳವೆಗಳನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷದಲ್ಲಿ ಮುಗಿಸಿದೆವು. ಕಾರಿನೊಳಗೆ ಉಳಿದಿದ್ದ ಮೋಟು ತುದಿಗಳಿಗೆ ಮತ್ತೆ ಬೆನ್ನ ಮೇಲೆ ಮಲಗಿ ಮುಕ್ಕಾಲು ಗಂಟೆ ಹಿಡಿಯಿತು. ಜೋರಾಗಿ ಒತ್ತಿದರೆ ಲೋಹ ಸೀಳುತ್ತದೆಂಬ ಭಯಕ್ಕೆ ಪ್ರತಿ ಸಲವೂ ಉಸಿರು ಬಿಗಿಹಿಡಿದೆ. ಹೊಸ ಹೋಸ್ ತುಂಡುಗಳನ್ನು ಉಬ್ಬು ದಾಟಿಸಿ ಏರಿಸಿ, ಕ್ಲ್ಯಾಂಪನ್ನು ಉಬ್ಬಿನ ಹಿಂದೆ ಕೂರಿಸಿದೆವು.

ಸಂಜೆ ಐದಕ್ಕೆ ಮತ್ತೆ ಚಾಲೂ. ಮುಕ್ಕಾಲು ಗಂಟೆ ಎಂಜಿನ್ ಓಡಿಸಿದರೂ ಟಿಶ್ಯೂ ಒಣಗಿಯೇ ಇತ್ತು. ಗಾಜಿನ ಒಳಗಿನ ಜಿಡ್ಡನ್ನು ಸ್ಪಿರಿಟ್ ಹಾಕಿ ಎರಡು ಸಲ ಒರೆಸಿದ ಮೇಲೆ ರಸ್ತೆ ಸ್ಪಷ್ಟವಾಗಿ ಕಂಡಿತು. ಹಳೆಯ ಕೂಲೆಂಟನ್ನು ಡಬ್ಬಿಗೆ ಸುರಿದು ಮುಚ್ಚಳ ಬಿಗಿದು, ಅದನ್ನು ಸಂಗ್ರಹಿಸುವ ಕಡೆಗೆ ಸೋಮವಾರ ಕೊಟ್ಟೆ. ಕಾರ್ಪೆಟಿನ ವಾಸನೆ ಮಾತ್ರ ಏಪ್ರಿಲ್‌ವರೆಗೂ ಹೋಗಲಿಲ್ಲ.

ಆ ಜೋಡಣೆಗಳ ಕೆಳಗೆ ಇಂದಿಗೂ ಒಂದು ಟಿಶ್ಯೂ ಮಡಚಿ ಇಟ್ಟಿದ್ದೇನೆ. ಪೆಟ್ರೋಲ್ ಹಾಕಿಸುವಾಗಲೆಲ್ಲ ಬಗ್ಗಿ ಅದನ್ನು ಮುಟ್ಟಿ ನೋಡುತ್ತೇನೆ. ಪಕ್ಕದಲ್ಲಿ ಕುಳಿತ ಹೆಂಡತಿ ಏನೂ ಕೇಳದೆ ಕಾಲನ್ನು ಸರಿಸಿ ಜಾಗ ಬಿಡುತ್ತಾಳೆ.