ತುಂಗಭದ್ರೆಯ ಮರಳಿನ ಮೇಲೆ ಹುಕ್‌ಟೇಲ್

ದಾವಣಗೆರೆಯ ಕೆರೆ, ಕಾಲುವೆಗಳ ಬಳಿ ಹಾರುವ ಏರೋಪ್ಲೇನ್ ಚಿಟ್ಟೆಗಳಲ್ಲಿ ಹೆಚ್ಚಿನವನ್ನು ಬಣ್ಣ ನೋಡಿಯೇ ಹೇಳಿಬಿಡಬಹುದು. ಹರಿಹರದ ಬಳಿ ತುಂಗಭದ್ರೆಯ ಪಾತ್ರದಲ್ಲಿ ಸಿಗುವ ಕಾಮನ್ ಹುಕ್‌ಟೇಲ್‌ಗೆ ಆ ಕ್ರಮ ಸಾಲದು. ಹಳದಿ ಮೈಮೇಲೆ ಕಂದು, ಕಪ್ಪು ಪಟ್ಟೆಗಳಿರುವ, ಸುಮಾರು 4.5 ಸೆಂಟಿಮೀಟರ್ ಉದ್ದದ ಈ ಜೀವಿ ಮರಳಿನ ಮೇಲೋ ಒಣಕಡ್ಡಿಯ ತುದಿಯಲ್ಲೋ ಕುಳಿತರೆ ಕಣ್ಣೆದುರಿಗಿದ್ದರೂ ಕಾಣಿಸುವುದಿಲ್ಲ. ಹಾರಿದಾಗಷ್ಟೇ ಅದು ಅಲ್ಲಿತ್ತೆಂದು ತಿಳಿಯುತ್ತದೆ.

ನಾನು ಮೊದಲು ನೋಡುವುದು ಕಣ್ಣುಗಳನ್ನು. ಊರ ಚರಂಡಿಯ ಬಳಿಯೂ ಧಾರಾಳವಾಗಿ ಕಾಣುವ ಕಿತ್ತಳೆ ಬಣ್ಣದ ಡಿಚ್ ಜ್ಯುವೆಲ್‌ನಂಥವುಗಳಲ್ಲಿ ಎರಡು ಕಣ್ಣುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಹುಕ್‌ಟೇಲ್ ಸೇರಿದ ಗೊಂಫಿಡೇ ಕುಟುಂಬದಲ್ಲಿ ಅವುಗಳ ನಡುವೆ ಸ್ಪಷ್ಟವಾದ ಅಂತರವಿರುತ್ತದೆ. ಸೂಜಿಯಂತೆ ತೆಳ್ಳಗಿರುವ ಡ್ಯಾಮ್ಸೆಲ್‌ಫ್ಲೈಗಳ ಕಣ್ಣುಗಳೂ ದೂರದೂರವೇ. ಆದರೆ ಅವುಗಳಲ್ಲಿ ಬಹುತೇಕ ಜಾತಿಗಳು ರೆಕ್ಕೆ ಮಡಚಿ ಕೂರುತ್ತವೆ, ಹುಕ್‌ಟೇಲ್ ಚಾಚಿಯೇ ಕೂರುತ್ತದೆ.

ಕುಟುಂಬ ಖಚಿತವಾದ ಮೇಲೆ ದೃಷ್ಟಿ ಬಾಲದ ತುದಿಗೆ ಹೋಗಬೇಕು. ಗಂಡಿನ ಉದರದ ಎಂಟು ಮತ್ತು ಒಂಬತ್ತನೆಯ ಖಂಡಗಳ ಅಂಚು ಎಲೆಯಂತೆ ಅಗಲವಾಗಿ ಇಳಿಬಿದ್ದಿರುತ್ತದೆ, ಅದರಾಚೆ ಹಳದಿ ಬಣ್ಣದ ಉಪಾಂಗಗಳು ಕೆಳಮುಖವಾಗಿ ಕೊಕ್ಕೆಯಂತೆ ಬಾಗಿರುತ್ತವೆ. ಬೆಲ್ಜಿಯಂನ ಕೀಟತಜ್ಞ ಸೆಲಿಸ್ ಲಾಂಗ್‌ಶಾಂ 1850ರಲ್ಲಿ ವರ್ಣಿಸಿದ ಈ ಜಾತಿಗೆ ಹುಕ್‌ಟೇಲ್ ಎಂಬ ಹೆಸರು ಬಂದದ್ದು ಈ ಕೊಕ್ಕೆಯಿಂದಲೇ. ಮೇಲಿನಿಂದ ತೆಗೆದ ಫೋಟೋದಲ್ಲಿ ಈ ಬಾಗು ತಿಳಿಯುವುದಿಲ್ಲವಾದ್ದರಿಂದ ಮರಳಿಗೆ ಮೊಣಕೈ ಊರಿ, ಪಕ್ಕದಿಂದ ಒಂದು ಚಿತ್ರ ತೆಗೆಯಲೇಬೇಕು. ಹೆಣ್ಣಿಗೆ ಕೊಕ್ಕೆಯಿಲ್ಲ, ಎದೆಯ ಪಟ್ಟೆಗಳು ತಿಳಿಯಾಗಿ ಕಾಣುವ ಚಿತ್ರವಿಲ್ಲದೆ ನಾನು ಹೆಣ್ಣನ್ನು ಪಟ್ಟಿಗೆ ಸೇರಿಸುವುದಿಲ್ಲ. ಅದೇ ಕುಟುಂಬದ ಕಾಮನ್ ಕ್ಲಬ್‌ಟೇಲ್ ಸುಮಾರು 7 ಸೆಂಟಿಮೀಟರ್ ಉದ್ದವಿರುವುದರಿಂದ ಅದರೊಡನೆ ಗೊಂದಲವಾಗಲಾರದು.

ಇದರ ಮರಿಗಳು ಹೊಳೆಯ ತಳದ ಮರಳಿನಲ್ಲಿ ಹುದುಗಿ ಬೆಳೆಯುತ್ತವೆ. ಮರಳನ್ನು ಬಗೆದೊಯ್ದ ಕಡೆ ಅವುಗಳ ಮನೆಯೇ ಹೋಗುತ್ತದೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಆದ್ದರಿಂದ ಹಾರುವ ಕೀಟವನ್ನಷ್ಟೇ ನೋಡಿ ಹಿಂತಿರುಗದೆ, ನೀರಂಚಿನ ಕಲ್ಲು, ಜೊಂಡುಗಳಲ್ಲಿ ಮರಿಗಳು ಕಳಚಿಟ್ಟ ಒಣ ಪೊರೆಗಳನ್ನೂ ಹುಡುಕುತ್ತೇನೆ. ಗೊಂಫಿಡೇ ಪೊರೆಯ ಮೀಸೆಯಲ್ಲಿ ನಾಲ್ಕೇ ಗಿಣ್ಣುಗಳು, ಮೂರನೆಯದು ಮಾತ್ರ ದಪ್ಪ. ಸಣ್ಣ ಮಸೂರವೊಂದಿದ್ದರೆ ಅಲ್ಲೇ ನೋಡಬಹುದು. ಅಂಥ ಪೊರೆ ಸಿಕ್ಕಿದರೆ ಈ ಕುಟುಂಬದ ಯಾವುದೋ ಒಂದು ಜಾತಿ ಹಾರಿ ಬಂದು ಕೂತದ್ದಲ್ಲ, ಆ ದಡದಲ್ಲೇ ಹುಟ್ಟಿ ಬೆಳೆದಿದೆ ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು.