ಚೀಟಿಯಲ್ಲಿ ಎ, ಟ್ಯೂಬಿನಲ್ಲಿ ಓ

ಕಾಸರಗೋಡು ಜಿಲ್ಲೆಯ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರು ಮಂಗಳೂರಿಗೆ, ಕೆಲವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ, ಇನ್ನು ಕೆಲವರು ತಿರುವನಂತಪುರದ ಆರ್‌ಸಿಸಿಗೆ (ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ) ಹೋಗುವುದರಿಂದ ಅವರ ದಾಖಲೆಗಳೂ ಹಾಗೆಯೇ ಹಂಚಿಹೋಗಿರುತ್ತವೆ. ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು, ರಕ್ತದ ಗುಂಪು ತಾಳೆಯಾಗದ ಮಾದರಿ ಬಂದಾಗ ಮೊದಲು ಕೇಳುವುದು ಆ ಕಾಗದಗಳ ಕಟ್ಟನ್ನೇ.

ಗುಂಪನ್ನು ಎರಡು ಬಗೆಯಲ್ಲಿ ನೋಡುತ್ತೇವೆ. ಫಾರ್ವರ್ಡ್ ಪರೀಕ್ಷೆ ಕೆಂಪು ಕಣಗಳ ಮೇಲಿನ ಎ, ಬಿ ಪ್ರತಿಜನಕಗಳನ್ನು (ಗುಂಪನ್ನು ಗುರುತಿಸುವ ಅಂಶಗಳನ್ನು) ತೋರಿಸಿದರೆ, ರಿವರ್ಸ್ ಪರೀಕ್ಷೆ ರಕ್ತದ ದ್ರವಭಾಗವಾದ ಸೀರಮ್‌ನಲ್ಲಿರುವ, ಆ ಪ್ರತಿಜನಕಗಳ ವಿರುದ್ಧದ ಪ್ರತಿಕಾಯಗಳನ್ನು ತೋರಿಸುತ್ತದೆ. ಎರಡರ ಉತ್ತರವೂ ಒಂದೇ ಆಗಿರಬೇಕು. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಎ ಪ್ರತಿಜನಕ ಕೆಲವೊಮ್ಮೆ ಎಷ್ಟು ಕ್ಷೀಣಿಸುತ್ತದೆಂದರೆ, ಹಿಂದೆ ಎ ಎಂದು ಬರೆದಿದ್ದವರು ಫಾರ್ವರ್ಡ್‌ನಲ್ಲಿ ಓ ಎಂದೇ ತೋರಬಹುದು, ಇಲ್ಲವೇ ಟ್ಯೂಬನ್ನು ಮೆಲ್ಲನೆ ಅಲುಗಿಸಿದಾಗ ಬಿಡಿ ಕಣಗಳ ಕೆಂಪಿನ ನಡುವೆ ಸಣ್ಣ ಗಂಟುಗಳಷ್ಟೇ ತೇಲಬಹುದು. ಇದಕ್ಕೆ ಮಿಕ್ಸೆಡ್ ಫೀಲ್ಡ್ ಎನ್ನುತ್ತೇವೆ. ಬೇರೆಡೆ ತುರ್ತಾಗಿ ಓ ರಕ್ತ ಕೊಟ್ಟಿದ್ದರೂ, ಬೇರೆ ಗುಂಪಿನ ದಾನಿಯಿಂದ ಅಸ್ಥಿಮಜ್ಜೆ ಕಸಿಯಾಗಿದ್ದರೂ ಕಾಣುವುದು ಇದೇ. ಯಾವುದು ಕಾರಣವೆಂದು ತಿಳಿಯಬೇಕಾದರೆ ಡಿಸ್ಚಾರ್ಜ್ ಸಮ್ಮರಿಯನ್ನೇ ಓದಬೇಕು. ಓ ಗುಂಪಿನವರ ಸೀರಮ್‌ನಲ್ಲಿ ಎ, ಬಿ ಎರಡರ ವಿರುದ್ಧವೂ ಪ್ರತಿಕಾಯ ಇರುವುದರಿಂದ, ಆಂಟಿ-ಬಿ (ಬಿ ವಿರುದ್ಧದ ಪ್ರತಿಕಾಯ) ಮಾತ್ರ ಇದ್ದರೆ ರೋಗಿ ಮೂಲತಃ ಎ ಗುಂಪಿನವರೆಂಬ ಅನುಮಾನ ಬಲಗೊಳ್ಳುತ್ತದೆ. ರೋಗ ಹತೋಟಿಗೆ ಬಂದಾಗ ಪ್ರತಿಜನಕವೂ ಸಾಮಾನ್ಯವಾಗಿ ಮರಳುತ್ತದೆ.

ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಬೇರೊಂದು ವಿಚಿತ್ರ ಕಾಣಬಹುದು. ಕರುಳಿನ ಬ್ಯಾಕ್ಟೀರಿಯಾದ ಕಿಣ್ವವು ಎ ಪ್ರತಿಜನಕದ ಸಕ್ಕರೆಯಿಂದ ಅಸಿಟೈಲ್ ಅಂಶವನ್ನು ಕಿತ್ತುಹಾಕಿ ಅದನ್ನು ಬಿ ಯಂತೆ ಮಾಡುವುದರಿಂದ ಎ ಗುಂಪಿನವರು ಎಬಿ ಎಂದು ತೋರುತ್ತಾರೆ. ಆದರೆ ಅವರ ಸೀರಮ್‌ನಲ್ಲಿ ಆಂಟಿ-ಬಿ ಹಾಗೆಯೇ ಇರುತ್ತದೆ. ಎಬಿ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಪರೀಕ್ಷೆಗೆ ಬಳಸುವ ಆಂಟಿ-ಬಿ ದ್ರಾವಣದ ಪಿಎಚ್ ಅನ್ನು 6ಕ್ಕೆ ಇಳಿಸಿ, ಅಂದರೆ ತುಸು ಆಮ್ಲೀಯವಾಗಿಸಿ ನೋಡಿದರೆ ಈ ಹುಸಿ ಬಿ ಮಾಯವಾಗುತ್ತದೆ.

ಅಸ್ಥಿಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾದಲ್ಲಿ ಕಣಗಳು ನಾಣ್ಯಗಳಂತೆ ಒಂದರ ಮೇಲೊಂದು ಕೂತು, ಗಂಟು ಕಟ್ಟಿದಂತೆ ಕಾಣುತ್ತವೆ. ಸೀರಮ್ ತೆಗೆದು ಸಲೈನ್ (ಉಪ್ಪುನೀರು) ಹಾಕಿದರೆ ಬಿಡಿಸಿಕೊಳ್ಳುತ್ತವೆ. ಅದೇ ರೋಗಕ್ಕೆ ಕೊಡುವ ಡಾರಾಟುಮುಮಾಬ್ ಎಂಬ ಔಷಧ ಗುಂಪಿನ ಪರೀಕ್ಷೆಯನ್ನು ಕೆಡಿಸದಿದ್ದರೂ ಪ್ರತಿಕಾಯ ಪರೀಕ್ಷೆಯನ್ನು ಕೆಡಿಸುವುದರಿಂದ, ಅದನ್ನು ಆರಂಭಿಸುವ ಮೊದಲೇ ಬ್ಲಡ್ ಬ್ಯಾಂಕಿಗೆ ಮಾದರಿ ಕಳುಹಿಸಬೇಕು.

“ಚೀಟಿಯಲ್ಲಿ ಎ ಇದೆ, ಎ ಗುಂಪಿನ ದಾನಿಗಳನ್ನೇ ಕರೆತಂದಿದ್ದೇವೆ, ಮತ್ತೆ ಓ ಯಾಕೆ ಮೇಡಂ?” ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಗುಂಪು ಖಚಿತವಾಗುವವರೆಗೆ ಕ್ರಾಸ್‌ಮ್ಯಾಚ್ ಆದ (ರೋಗಿಯ ರಕ್ತದೊಂದಿಗೆ ಹೊಂದುತ್ತದೆಂದು ನೋಡಿದ) ಓ ಕೆಂಪುಕಣಗಳನ್ನೂ, ಪ್ಲಾಸ್ಮಾ ಬೇಕಾದರೆ ಎಬಿ ಪ್ಲಾಸ್ಮಾವನ್ನೂ ಕೊಡುವುದು ಸುರಕ್ಷಿತ. ಅದಕ್ಕೂ ಮೊದಲು, ಓ ಎಂದು ತೋರಿದ ರಕ್ತ, ಓ ಗುಂಪಿನಲ್ಲೂ ಇರುವ ಎಚ್ ಪ್ರತಿಜನಕವೇ ಇಲ್ಲದ ಅಪರೂಪದ ಬಾಂಬೆ ಗುಂಪಿನದಲ್ಲವೆಂದು ಆಂಟಿ-ಎಚ್ ಹಾಕಿ ನೋಡಲೇಬೇಕು, ಏಕೆಂದರೆ ಬಾಂಬೆ ಗುಂಪಿನವರಿಗೆ ಓ ರಕ್ತವೂ ಆಗುವುದಿಲ್ಲ. ಗೊಂದಲ ಬಿಡಿಸಿದ ಮೇಲೆ ಅದರ ಕಾರಣವನ್ನು ರೋಗಿಯ ಫೈಲಿನಲ್ಲೇ ಬರೆದುಕೊಡುತ್ತೇನೆ. ಮುಂದಿನ ಸಲ ರಕ್ತ ಬೇಕಾಗುವುದು ಗಡಿಯ ಯಾವ ಬದಿಯಲ್ಲೋ ಹೇಳಲಾಗದು.