ಟಿಬಿ ಇಲ್ಲದಿದ್ದರೂ ಟಿಬಿ ಮಾತ್ರೆ ಯಾಕೆ?

ಎಚ್‌ಐವಿ ಜೊತೆ ಬದುಕುತ್ತಿರುವ ಗೆಳೆಯನೊಬ್ಬ ಮೊನ್ನೆ ಇದೇ ಪ್ರಶ್ನೆ ಕೇಳಿದ.

ಟಿಬಿ ರೋಗಾಣು ಮೈಯೊಳಗೆ ಸೇರಿದ ಕೂಡಲೇ ಕಾಯಿಲೆ ಬರಲೇಬೇಕೆಂದಿಲ್ಲ, ಎಷ್ಟೋ ಜನರಲ್ಲಿ ಅದು ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ, ರೋಗನಿರೋಧಕ ಶಕ್ತಿ ಅದನ್ನು ಕಟ್ಟಿಹಾಕಿರುತ್ತದೆ. ಎಚ್‌ಐವಿ ಆ ಕಟ್ಟನ್ನೇ ಸಡಿಲ ಮಾಡುತ್ತದೆ. ಎಚ್‌ಐವಿ ಇರುವವರ ಜೀವ ಅತಿ ಹೆಚ್ಚು ತೆಗೆಯುವ ಕಾಯಿಲೆಗಳಲ್ಲಿ ಟಿಬಿ ಮುಂದಿದೆ. ತಡೆಯುವ ದಾರಿ ಇದ್ದೂ ಹೀಗಾಗುವುದು ನನಗೆ ತುಂಬಾ ನೋವು ಕೊಡುತ್ತದೆ.

ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ತಗೊಂಡರೆ ಸಾಕಲ್ವಾ ಅಂದ. ಅದು ಬೇಕೇ ಬೇಕು, ಆದರೆ ಅದೊಂದೇ ಸಾಲದು. ಐವರಿ ಕೋಸ್ಟ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಟೆಂಪ್ರಾನೊ ಅಧ್ಯಯನದಲ್ಲಿ ಟಿಬಿ ಬರದಂತೆ ತಡೆಯುವ ಐಸೊನಿಯಜಿಡ್ ಮಾತ್ರೆಯನ್ನು 6 ತಿಂಗಳು ತಗೊಂಡವರಲ್ಲಿ ಗಂಭೀರ ಕಾಯಿಲೆಗಳು ಕಡಿಮೆಯಾದವು. ಈಗ 6 ತಿಂಗಳೇ ಆಗಬೇಕೆಂದೂ ಇಲ್ಲ. ಐಸೊನಿಯಜಿಡ್ಡನ್ನು ರಿಫಾಪೆಂಟಿನ್ ಎಂಬ ಇನ್ನೊಂದು ಟಿಬಿ ಔಷಧಿ ಜೊತೆ ಸೇರಿಸಿ ವಾರಕ್ಕೊಮ್ಮೆಯಂತೆ 12 ಸಲ ತಗೊಳ್ಳುವ ಕ್ರಮವಿದೆ. ಆದರೆ ರಿಫಾಪೆಂಟಿನ್ ಕೆಲವು ಎಚ್‌ಐವಿ ಔಷಧಿಗಳಿಗೆ ಹೊಂದುವುದಿಲ್ಲ, ನೀವು ತಗೊಳ್ಳುವ ಮಾತ್ರೆಗಳ ಹೆಸರನ್ನೆಲ್ಲ ಡಾಕ್ಟರಿಗೆ ಹೇಳಿ.

ಶುರು ಮಾಡುವ ಮೊದಲು ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು ಇದೆಯಾ ಅಂತ ಕೇಳುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಟಿಬಿ ಆಗಲೇ ಬಂದಿದ್ದರೆ ಈ ಮಾತ್ರೆ ಸಾಲದು, ರೋಗಾಣು ಔಷಧಿಗೆ ಬಗ್ಗದಂತಾಗುವ ಅಪಾಯವೂ ಇದೆ.

ಗೆಳೆಯನಿಗೆ ಐಸೊನಿಯಜಿಡ್‌ನಿಂದ ಕೈಕಾಲು ಜುಮ್ಮೆನ್ನುವ ಭಯ. ಅದಕ್ಕೇ ಜೊತೆಗೆ ಬಿ6 ವಿಟಮಿನ್ ಕೊಡುತ್ತಾರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರನ್ನು ನೋಡು ಅಂದೆ. ನಾಳೆ ಹೋಗುತ್ತಾನಂತೆ, ನಾನೂ ಜೊತೆಗೆ ಹೋಗುತ್ತೇನೆ.